ಬ್ಯಾಗಿನ ಮೇಲಿಟ್ಟರೂ ರೈಫಲ್ ನಿಲ್ಲುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಪ್ರಿಸಿಷನ್ ರೈಫಲ್ ಪಂದ್ಯಕ್ಕೆ ಹೊಸದಾಗಿ ಬಂದವರ ದೂರು ಬಹುತೇಕ ಒಂದೇ ಧಾಟಿಯಲ್ಲಿರುತ್ತದೆ. "ಮಲಗಿ ಹೊಡೆದರೆ ಗುಂಡುಗಳೆಲ್ಲ ಒಂದರ ಪಕ್ಕ ಒಂದು ಬೀಳುತ್ತವೆ. ಬ್ಯಾರಿಕೇಡಿನ ಮೇಲೆ ಬ್ಯಾಗ್ ಹಾಕಿ ರೈಫಲ್ ಇಟ್ಟ ತಕ್ಷಣ ಕ್ರಾಸ್‌ಹೇರ್ ಕುಣಿಯಲು ಶುರು." (ಕ್ರಾಸ್‌ಹೇರ್ ಎಂದರೆ ಸ್ಕೋಪಿನೊಳಗೆ, ಅಂದರೆ ರೈಫಲಿನ ದುರ್ಬೀನಿನೊಳಗೆ, ಕಾಣುವ ಗುರಿಗೆರೆ; ಬ್ಯಾಗ್ ಎಂದರೆ ರೈಫಲಿನ ಕೆಳಗಿಡುವ, ಮರಳೋ ಕಾಳೋ ತುಂಬಿದ ಬಟ್ಟೆಚೀಲ.) ಮುಂದಿನ ಪಂದ್ಯಕ್ಕೆ ಅವರ ಕೈಯಲ್ಲಿ ಹೊಸ ಬ್ಯಾಗ್ ಇರುತ್ತದೆ. ಆಮೇಲೆ ಅದಕ್ಕಿಂತ ಭಾರದ್ದು, ಸ್ಟಾಕಿನ (ನಳಿಗೆ ಕೂರುವ ಚೌಕಟ್ಟು) ಮುಂಭಾಗಕ್ಕೆ ಉಕ್ಕಿನ ತೂಕ, ಕೊನೆಗೆ ಟ್ರೈಪಾಡ್. ಕುಣಿತ ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಎಲ್ಲಿಂದ ಬರುತ್ತಿದೆ ಎಂದು ಯಾರೂ ಹುಡುಕಿರುವುದಿಲ್ಲ.

ಹುಡುಕುವ ಸಾಧನ ಕಣ್ಣ ಮುಂದೆಯೇ ಇದೆ. ಕ್ರಾಸ್‌ಹೇರ್ ಯಾವ ದಿಕ್ಕಿಗೆ ಅಲ್ಲಾಡುತ್ತದೆ, ಎಷ್ಟು ಬೇಗ, ಯಾವ ಗಳಿಗೆಯಲ್ಲಿ: ಇಷ್ಟನ್ನು ಗಮನಿಸಿದರೆ ಅರ್ಧ ಕೆಲಸ ಮುಗಿಯಿತು. ಎಡಬಲಕ್ಕೆ ನಿಧಾನವಾಗಿ ತೂಗುವುದಕ್ಕೂ, ಮೇಲೆ ಕೆಳಗೆ ಏರಿಳಿಯುವುದಕ್ಕೂ, ಟ್ರಿಗರ್ ಒತ್ತಿದ ಕ್ಷಣ ಜಿಗಿಯುವುದಕ್ಕೂ ಕಾರಣ ಬೇರೆ, ಮದ್ದು ಬೇರೆ. ಹೆಚ್ಚಿನ ಸಲ ದೋಷ ಇರುವುದು ಹೊಡೆಯುವವನ ಮೈಯಲ್ಲಿ. ಬ್ಯಾಗಿನ ಸರದಿ ಕೊನೆಗೆ ಬರುತ್ತದೆ.

ಈ ಆಟ ನೋಡದವರಿಗೆ ಎರಡು ಮಾತು. ಅಮೆರಿಕದ ಪಿ.ಆರ್.ಎಸ್. (ಪ್ರಿಸಿಷನ್ ರೈಫಲ್ ಸೀರೀಸ್) ಮಾದರಿಯ ಪಂದ್ಯಗಳಲ್ಲಿ ಒಂದೊಂದು ಸ್ಟೇಜಿಗೆ (ಪಂದ್ಯದ ಒಂದು ಸುತ್ತು) ಸಾಮಾನ್ಯವಾಗಿ 90ರಿಂದ 120 ಸೆಕೆಂಡು ಕೊಡುತ್ತಾರೆ, ಗುಂಡು ಹತ್ತರ ಆಸುಪಾಸು. ಮರದ ಬ್ಯಾರಿಕೇಡ್, ಏಣಿ, ಟ್ರ್ಯಾಕ್ಟರ್ ಟೈರು, ದನದ ದೊಡ್ಡಿಯ ಕಬ್ಬಿಣದ ಗೇಟು, ಪ್ಲಾಸ್ಟಿಕ್ ಡ್ರಮ್ಮು, ಇಳಿಜಾರು ಚಾವಣಿ, ಹೀಗೆ ಏನಾದರೊಂದರ ಮೇಲೆ ರೈಫಲನ್ನು ಆನಿಸಿ, ದೂರದಲ್ಲಿ ತೂಗುಹಾಕಿದ ಉಕ್ಕಿನ ತಟ್ಟೆಗಳಿಗೆ ಹೊಡೆಯಬೇಕು. ಕ್ಯಾಲಿಬರ್ (ನಳಿಗೆಯ ಒಳವ್ಯಾಸ) .30 ಅಂಗುಲ ದಾಟುವಂತಿಲ್ಲ, ಗುಂಡಿನ ವೇಗ ಸೆಕೆಂಡಿಗೆ 3200 ಅಡಿ ಮೀರುವಂತಿಲ್ಲ. ಹೆಚ್ಚಿನವರ ಕೈಯಲ್ಲಿರುವುದು 6 ಮಿ.ಮೀ. ಕ್ಯಾಲಿಬರಿನ, ಎಂಟರಿಂದ ಹನ್ನೊಂದು ಕಿಲೋ ತೂಗುವ ರೈಫಲ್. ಇದೇ ಆಟವನ್ನು .22 ರಿಮ್‌ಫೈರಿನಲ್ಲಿ (ಸಣ್ಣ, ಒದೆತ ಕಡಿಮೆಯ ಗುಂಡು) ಕಡಿಮೆ ದೂರದಲ್ಲಿ, ಕಡಿಮೆ ಖರ್ಚಿನಲ್ಲಿ ಆಡುವ ಎನ್.ಆರ್.ಎಲ್.22 (ನ್ಯಾಷನಲ್ ರೈಫಲ್ ಲೀಗ್) ಪಂದ್ಯಗಳೂ ಇವೆ. ಕೆಳಗಿನ ಮಾತು ಎರಡಕ್ಕೂ ಹೊಂದುತ್ತದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ 10 ಮೀಟರ್ ಏರ್ ರೈಫಲ್ ಕಲಿತು ಆಮೇಲೆ ಅಮೆರಿಕಕ್ಕೆ ಬಂದು ಈ ಆಟಕ್ಕೆ ಇಳಿದವರಿಗೆ ಒಂದು ಎಚ್ಚರಿಕೆ. 10 ಮೀಟರ್ ಪಂದ್ಯದಲ್ಲಿ ರೈಫಲಿಗೆ ಬೇರೆ ಆಸರೆ ಇಲ್ಲ; ಪಕ್ಕಕ್ಕೆ ತಿರುಗಿ ನಿಂತು, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಎಡಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಕೂರಿಸುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತೀರಿ. ಆ ನಿಲುವನ್ನು ಬ್ಯಾರಿಕೇಡಿನ ಹಿಂದೆ ತಂದರೆ ಅದೇ ದೋಷವಾಗುತ್ತದೆ. ಹಾಗೆಂದು ಅಲ್ಲಿ ಕಲಿತದ್ದೆಲ್ಲ ದಂಡವಲ್ಲ. ಉಸಿರು, ಟ್ರಿಗರ್, ಸಹಜ ಗುರಿ (ಮೈ ಸಡಿಲ ಬಿಟ್ಟಾಗ ರೈಫಲ್ ತಾನಾಗಿ ತಿರುಗಿ ನಿಲ್ಲುವ ಕಡೆ), ಈ ಮೂರೂ ಇಲ್ಲಿ ಬಡ್ಡಿ ಸಮೇತ ಉಪಯೋಗಕ್ಕೆ ಬರುತ್ತವೆ.

ಮೊದಲು ಅಲ್ಲಾಟವನ್ನು ಅಳೆಯಿರಿ

"ತುಂಬಾ ಅಲ್ಲಾಡುತ್ತದೆ" ಎಂಬುದು ಅಳತೆಯಲ್ಲ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆರೆದು ಚೇಂಬರ್ (ಗುಂಡು ಕೂರುವ ಜಾಗ) ಖಾಲಿಯಿದೆ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಗುಂಡುಗಳನ್ನು ಬೇರೆ ಕಡೆ ಇಡಿ. ಆಮೇಲೆ ಡ್ರೈ ಫೈರ್, ಅಂದರೆ ಗುಂಡಿಲ್ಲದೆ ಗುರಿಯಿಟ್ಟು ಟ್ರಿಗರ್ ಒತ್ತುವುದು. (.22 ಇದ್ದವರು ತಯಾರಕರ ಪುಸ್ತಿಕೆ ನೋಡಿಕೊಳ್ಳಿ. ಕೆಲವು ರಿಮ್‌ಫೈರ್ ರೈಫಲುಗಳಲ್ಲಿ ಖಾಲಿ ಹೊಡೆದರೆ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತದೆ. ಡಮ್ಮಿ ಗುಂಡು ಹಾಕಿಕೊಳ್ಳಬೇಕು.) ಬ್ಯಾರಿಕೇಡಿನ ಮೇಲೆ ಸ್ಥಾನ ಕಟ್ಟಿ, 100 ಮೀಟರ್ ದೂರದ ಒಂದು ಚುಕ್ಕೆಯ ಮೇಲೆ ಹತ್ತು ಸೆಕೆಂಡು ಕ್ರಾಸ್‌ಹೇರ್ ಇಟ್ಟು ಸುಮ್ಮನೆ ನೋಡಿ. ಅದು ಎಷ್ಟು ದೂರ ಹೋಗಿ ಬರುತ್ತದೆ ಎಂಬುದನ್ನು ರೆಟಿಕಲಿನ (ಕ್ರಾಸ್‌ಹೇರಿನ) ಗೆರೆಗಳಿಂದಲೇ ಮಿಲ್ ಲೆಕ್ಕದಲ್ಲಿ ಓದಿಕೊಳ್ಳಬಹುದು.

ಒಂದು ಮಿಲ್ ಎಂದರೆ 100 ಮೀಟರಿಗೆ 10 ಸೆಂ.ಮೀ. 500 ಮೀಟರ್ ದೂರದ 30 ಸೆಂ.ಮೀ. ತಟ್ಟೆ ಸ್ಕೋಪಿನಲ್ಲಿ 0.6 ಮಿಲ್ ಅಗಲ ಕಾಣುತ್ತದೆ. ನಿಮ್ಮ ಕ್ರಾಸ್‌ಹೇರ್ ನಡುವಿನಿಂದ ಆಚೆಗೆ 0.1, ಈಚೆಗೆ 0.1 ಮಿಲ್ ಹೋಗುತ್ತಿದ್ದರೆ ಅದು ತಟ್ಟೆಯೊಳಗೇ ಇದೆ, ಹೊಡೆಯಿರಿ. ಅಲ್ಲಿ ದೋಷವೇ ಇಲ್ಲ. 0.4 ಮಿಲ್ ಹೋಗುತ್ತಿದ್ದರೆ ಮುಂದೆ ಓದಿ. ಪೂರ್ತಿ ನಿಂತ ಕ್ರಾಸ್‌ಹೇರಿಗಾಗಿ ಕಾಯುತ್ತಾ ಕುಳಿತು ಸಮಯ ಕಳೆದುಕೊಂಡು ಸ್ಟೇಜ್ ಸೋತವರನ್ನು ಅಲ್ಲಾಟದಿಂದ ಸೋತವರಿಗಿಂತ ಹೆಚ್ಚು ನೋಡಿದ್ದೇನೆ.

ಈ ಅಳತೆಗೂ ಮುಂಚೆ ಸ್ಕೋಪಿನ ಝೂಮ್ ಎಷ್ಟಿದೆ ನೋಡಿ. 25ರಲ್ಲಿಟ್ಟು "ಅಲ್ಲಾಡುತ್ತದೆ" ಎನ್ನುವವರಿಗೆ 12ಕ್ಕೆ ಇಳಿಸಿ ಎಂದರೆ ಅರ್ಧ ದೂರು ಅಲ್ಲೇ ಮಾಯ. ಅಲ್ಲಾಟ ಕಡಿಮೆಯಾಗಿರುವುದಿಲ್ಲ, ನಿಜ. ಆದರೆ ಅದನ್ನು ಹಿಂಬಾಲಿಸಿ ತಿದ್ದುವ ಚಟ ಕಡಿಮೆಯಾಗುತ್ತದೆ. ಆ ಚಟವೇ ಅಲ್ಲಾಟದ ದೊಡ್ಡ ಪಾಲು. ಬ್ಯಾರಿಕೇಡಿನ ಮೇಲೆ 10ರಿಂದ 16ರ ನಡುವೆ ಇಟ್ಟುಕೊಂಡರೆ ತಟ್ಟೆ ಹುಡುಕುವುದೂ ಸುಲಭ, ಗುಂಡು ಎಲ್ಲಿ ಬಿತ್ತು ಎಂದು ಕಾಣುವುದೂ ಸುಲಭ.

ಸಾಮಾನು ಸರಿಯಿದೆಯೇ

ಇದಕ್ಕೆ ಹೆಚ್ಚು ಹೊತ್ತು ಬೇಡ. ಕಾಂಕ್ರೀಟ್ ಬೆಂಚಿನ ಮೇಲೆ ಹಿಂದೆ ಮುಂದೆ ಎರಡೂ ಕಡೆ ಬ್ಯಾಗ್ ಕೊಟ್ಟು ಅದೇ ಹತ್ತು ಸೆಕೆಂಡಿನ ಪರೀಕ್ಷೆ ಮಾಡಿ. ಅಲ್ಲಿ ಕ್ರಾಸ್‌ಹೇರ್ ನಿಂತರೆ, ಗುಂಡುಗಳೂ ಒಟ್ಟಿಗೆ ಬಿದ್ದರೆ, ರೈಫಲಿನ ಮೇಲೆ ಅನುಮಾನ ಬೇಡ. ಬೀಳದಿದ್ದರೆ ಆ್ಯಕ್ಷನ್ ಸ್ಕ್ರೂ (ರೈಫಲನ್ನು ಸ್ಟಾಕಿಗೆ ಬಿಗಿಯುವ ತಿರುಪು), ಸ್ಕೋಪಿನ ರಿಂಗು, ಬೈಪಾಡಿನ (ಮುಂದಿನ ಎರಡು ಕಾಲಿನ ಆಸರೆ) ಕ್ಲ್ಯಾಂಪು, ಕೆನ್ನೆಪಟ್ಟಿಯ (ಸ್ಟಾಕಿನ ಮೇಲೆ ಕೆನ್ನೆ ಆನಿಸುವ ಭಾಗ) ತಿರುಪು, ಒಂದೊಂದನ್ನೂ ಟಾರ್ಕ್ ವ್ರೆಂಚಿನಿಂದ ತಯಾರಕರು ಹೇಳಿದಷ್ಟಕ್ಕೆ ಬಿಗಿಯಿರಿ. ಕೈ ಅಂದಾಜಿನ ಬಿಗಿ ಇಲ್ಲಿ ನಡೆಯುವುದಿಲ್ಲ.

ಪಂದ್ಯದಲ್ಲಿ ಆಸರೆಯೇ ಅಲ್ಲಾಡುವುದುಂಟು. ಸರಪಳಿಯಲ್ಲಿ ತೂಗುಹಾಕಿದ ಹಲಗೆ, ಕೀಲು ಸಡಿಲಾದ ಗೇಟು, ಖಾಲಿ ಡ್ರಮ್ಮು. ಸ್ಟೇಜ್ ವಿವರಿಸುವಾಗ ಮುಟ್ಟಿ ನೋಡಲು ಬಿಟ್ಟರೆ ಎರಡೂ ಕೈಯಿಂದ ತಳ್ಳಿ ನೋಡಿ, ಅದು ಯಾವ ದಿಕ್ಕಿಗೆ ಗಟ್ಟಿ, ಯಾವ ದಿಕ್ಕಿಗೆ ಸಡಿಲ ಎಂದು. ಗೇಟಿನ ನಡುಭಾಗಕ್ಕಿಂತ ಕೀಲಿನ ಕಂಬದ ಪಕ್ಕ ಯಾವಾಗಲೂ ಗಟ್ಟಿ. ಸಡಿಲವಿರುವ ದಿಕ್ಕಿಗೆ ಮೊಣಕಾಲಿನಿಂದಲೋ ತೊಡೆಯಿಂದಲೋ ಒಂದೇ ಸಮನಾಗಿ ಒತ್ತಿಟ್ಟರೆ ಸಡಿಲಿಕೆ ಒಂದು ಕಡೆಗೆ ತೀರಿ ಅಲ್ಲೇ ನಿಲ್ಲುತ್ತದೆ.

ಎಡಬಲಕ್ಕೆ ನಿಧಾನವಾದ ಓಲಾಟ

ಅತಿ ಹೆಚ್ಚು ಜನರ ಕಾಯಿಲೆ ಇದು, ನಿಂತು ಹೊಡೆಯುವ ಎತ್ತರದ ಬ್ಯಾರಿಕೇಡುಗಳಲ್ಲಿ ವಿಶೇಷವಾಗಿ. ಕಾರಣ ಸರಳ. ರೈಫಲಿನ ಕೆಳಗೆ ಬ್ಯಾಗ್ ಇರುವುದು ಒಂದೇ ಕಡೆ, ಅದು ಕೀಲಿನ ಹಾಗೆ ಕೆಲಸ ಮಾಡುತ್ತದೆ. ಹಿಂಭಾಗ ನಿಮ್ಮ ಭುಜದಲ್ಲಿದೆ. ನಿಂತ ಮನುಷ್ಯ ಎಷ್ಟೇ ಗಟ್ಟಿಗನಾದರೂ ಕಣಕಾಲಿನ ಮೇಲೆ ಸ್ವಲ್ಪ ತೂಗುತ್ತಲೇ ಇರುತ್ತಾನೆ. ಭುಜ ತೂಗಿದಷ್ಟೂ ಕ್ರಾಸ್‌ಹೇರ್ ಎದುರು ದಿಕ್ಕಿಗೆ ತೂಗುತ್ತದೆ.

ಮೊದಲ ಪರೀಕ್ಷೆ ತೂಕದ್ದು. ರೈಫಲನ್ನು ಬ್ಯಾಗಿನ ಮೇಲಿಟ್ಟು, ಬೋಲ್ಟ್ ತೆರೆದು, ಎರಡೂ ಕೈಗಳನ್ನು ಒಂದು ಅಂಗುಲ ಆಚೆ ಹಿಡಿದು ನೋಡಿ. ರೈಫಲ್ ತಾನಾಗಿ ತಕ್ಕಡಿಯ ದಂಡದ ಹಾಗೆ ಸಮನಾಗಿ ಕೂರಬೇಕು. ಹಿಂದಕ್ಕೆ ವಾಲಿದರೆ ಆ ಭಾರವನ್ನು ನಿಮ್ಮ ಭುಜ ಹೊರುತ್ತಿದೆ ಎಂದರ್ಥ. ಹೊರುವ ಭುಜ ತೂಗುತ್ತದೆ. ಬ್ಯಾಗನ್ನು ತೂಕದ ಮಧ್ಯಕ್ಕೆ ಸರಿಸಿ. ಆ ಮಧ್ಯ ಮ್ಯಾಗಜೀನಿಗೆ ಅಂಟಿಕೊಂಡೇ ಇದ್ದರೆ ಬ್ಯಾಗ್ ಕೂರಿಸಲು ಜಾಗ ಸಿಗುವುದಿಲ್ಲ. ಅದಕ್ಕೇ ಈ ಆಟದವರು ಸ್ಟಾಕಿನ ಮುಂಭಾಗಕ್ಕೆ ತೂಕ ಸೇರಿಸಿ ಮಧ್ಯವನ್ನು ಮ್ಯಾಗಜೀನಿನಿಂದ ನಾಲ್ಕಾರು ಅಂಗುಲ ಮುಂದಕ್ಕೆ ತರುತ್ತಾರೆ. ಉಕ್ಕಿನ ತೂಕಕ್ಕೆ ನಿಜವಾಗಿ ಅರ್ಥವಿರುವುದು ಇಲ್ಲಿ. ಬರೀ "ಭಾರ ಇದ್ದರೆ ಅಲ್ಲಾಡುವುದಿಲ್ಲ" ಎಂದು ಹಿಂದೆ ಮುಂದೆ ನೋಡದೆ ಸೇರಿಸಿದ ತೂಕ ಹೊತ್ತು ತಿರುಗುವ ಶಿಕ್ಷೆ ಅಷ್ಟೇ.

ಎರಡನೆಯದು ಬ್ಯಾಗ್. ಉಬ್ಬಿ ಗಟ್ಟಿಯಾಗುವಷ್ಟು ತುಂಬಿದ ಬ್ಯಾಗ್ ದುಂಡಗಿನ ಪೈಪಿನ ಮೇಲೆ ಉರುಳುತ್ತದೆ. ರೈಫಲ್ ಇಟ್ಟು ಒತ್ತಿದಾಗ ಬ್ಯಾಗ್ ಪೈಪನ್ನು ಎರಡೂ ಬದಿ ತಬ್ಬಬೇಕು, ಮೇಲಿನಿಂದ ಸ್ಟಾಕನ್ನು ಎರಡೂ ಬದಿ ಹಿಡಿಯಬೇಕು. ಅಷ್ಟು ಸಡಿಲ ಬೇಕು, ಅದಕ್ಕಿಂತ ಹೆಚ್ಚು ಬೇಡ. ಪ್ಲಾಸ್ಟಿಕ್ ಕಾಳು ತುಂಬಿದ ಹಗುರ ಬ್ಯಾಗ್ ಓಡಲು ಚೆನ್ನ, ಆದರೆ ಕಾಳು ಒಂದರ ಮೇಲೊಂದು ಜಾರುತ್ತಲೇ ಇರುತ್ತದೆ. ಭಾರದ ಮರಳು ತುಂಬಿದ್ದು ಒಮ್ಮೆ ಕೂತರೆ ಕೂತಂತೆಯೇ. ಬಣ್ಣ ಬಳಿದ ನುಣುಪು ಕಬ್ಬಿಣದ ಮೇಲೆ ನೈಲಾನ್ ಬಟ್ಟೆ ಜಾರುತ್ತದೆ, ಮೇಣ ಹಚ್ಚಿದ ಕ್ಯಾನ್ವಾಸ್ ಕಚ್ಚುತ್ತದೆ. ಒಂದೇ ಬ್ಯಾಗ್ ಕೊಳ್ಳುವವರಿಗೆ ನನ್ನ ಆಯ್ಕೆ ಮರಳು ತುಂಬಿದ ಮೇಣದ ಕ್ಯಾನ್ವಾಸ್.

ಇಷ್ಟಾದ ಮೇಲೂ ಓಲಾಟ ಉಳಿದರೆ ಅದು ಕಾಲಿನದ್ದು. ಎದೆ ರೈಫಲಿಗೆ ನೇರವಾಗಿರಲಿ, ಎರಡೂ ಭುಜ ಬ್ಯಾರಿಕೇಡಿಗೆ ಸಮಾನಾಂತರ. ಪಾದಗಳನ್ನು ಭುಜಕ್ಕಿಂತ ಅಗಲ ಮಾಡಿ ಸ್ವಲ್ಪ ಮುಂದಕ್ಕೆ ವಾಲಿ. ಎತ್ತರ ಹೆಚ್ಚಾಯಿತೆಂದು ಮೊಣಕಾಲು ಬಗ್ಗಿಸಿ ನಿಲ್ಲಬೇಡಿ, ತೊಡೆಯ ಸ್ನಾಯು ಕೆಲವೇ ಸೆಕೆಂಡಿನಲ್ಲಿ ಅದುರಲು ಶುರುಮಾಡುತ್ತದೆ. ಕಾಲು ನೆಟ್ಟಗಿಟ್ಟು ಪಾದಗಳನ್ನು ಇನ್ನಷ್ಟು ಅಗಲಿಸಿ ಎತ್ತರ ಇಳಿಸಿಕೊಳ್ಳಿ. ಮೈಯ ಯಾವುದಾದರೂ ಭಾಗ, ಮೊಣಕಾಲು, ತೊಡೆ, ಎಡಮುಂಗೈ, ಬ್ಯಾರಿಕೇಡಿಗೆ ತಾಗಿದರೆ ಓಲಾಟ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಎಡಗೈಯಿಂದ ಬ್ಯಾರಿಕೇಡನ್ನೇ ಹಿಡಿದುಕೊಳ್ಳುವವರಿದ್ದಾರೆ, ಸ್ಕೋಪಿನ ಮೇಲೆ ಹಗುರವಾಗಿ ಇಟ್ಟುಕೊಳ್ಳುವವರೂ ಇದ್ದಾರೆ. ಎರಡೂ ಸರಿ. ರೈಫಲಿನ ಮುಂಭಾಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುವುದು ಮಾತ್ರ ತಪ್ಪು.

ಮೊಣಕಾಲೂರಿ ಹೊಡೆಯುವಾಗ ಬಲಗೈಯವರು ಬಲಮೊಣಕಾಲನ್ನು ಮೇಲೆತ್ತಿ ಎಡಮೊಣಕಾಲನ್ನು ನೆಲಕ್ಕೂರಿ ನೋಡಿ. ತರಬೇತಿಯಲ್ಲಿ ಕಲಿತದ್ದಕ್ಕೆ ಇದು ತಿರುಗುಮುರುಗು. ಆದರೆ ಮುಂಭಾಗಕ್ಕೆ ಬ್ಯಾಗ್ ಇರುವಾಗ ಆಸರೆ ಬೇಕಿರುವುದು ಹಿಂದಿನ ಕೈಗೆ, ಆ ಕೈಯ ಕೆಳಗೆ ಮೊಣಕಾಲು ತಾನಾಗಿ ಬರುತ್ತದೆ. ಮೊಣಕೈಯ ತುದಿಯನ್ನು ಮಂಡಿಚಿಪ್ಪಿನ ಮೇಲಿಡಬೇಡಿ. ಮೂಳೆಯ ಮೇಲೆ ಮೂಳೆ ಉರುಳುತ್ತದೆ. ಮೊಣಕೈಗಿಂತ ಸ್ವಲ್ಪ ಮೇಲಿನ ತೋಳಿನ ಮಾಂಸ ಮಂಡಿಯ ಮೇಲೆ ಬರಲಿ. ಎತ್ತರ ಸಾಲದಿದ್ದರೆ ನಡುವೆ ಒಂದು ಹಗುರ ಬ್ಯಾಗ್ ತುರುಕಿ. ಎರಡನೆಯ ಬ್ಯಾಗಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ. ಹಿಂಭಾಗಕ್ಕೆ ಟ್ರೈಪಾಡ್ ಕೊಡಲು ಸ್ಟೇಜಿನ ನಿಯಮ ಬಿಟ್ಟರೆ ಓಲಾಟ ಬಹುಪಾಲು ಸತ್ತೇ ಹೋಗುತ್ತದೆ, ಆದರೆ ಸ್ಥಾನ ಬದಲಿಸುವಾಗ ಅದನ್ನೂ ಹೊತ್ತುಕೊಂಡು ಓಡಬೇಕು.

ಮೇಲೆ ಕೆಳಗೆ ಏರಿಳಿತ

ಉಸಿರಿನ ಲಯಕ್ಕೆ ಸರಿಯಾಗಿ ಏರಿಳಿದರೆ ಬಟ್ (ಭುಜಕ್ಕೆ ಆನಿಸುವ ಸ್ಟಾಕಿನ ಹಿಂತುದಿ) ಎದೆಗೆ ಒತ್ತಿಕೊಂಡಿದೆ, ಇಲ್ಲವೇ ಮಲಗಿದಾಗ ಹೊಟ್ಟೆ ನೆಲಕ್ಕೆ ಒತ್ತಿಕೊಂಡಿದೆ. ಉಸಿರು ಬಿಟ್ಟ ಮೇಲೆ, ಮುಂದಿನದು ಎಳೆದುಕೊಳ್ಳುವ ಮುಂಚೆ ತಾನಾಗಿ ಬರುವ ಎರಡು ಮೂರು ಸೆಕೆಂಡಿನ ಬಿಡುವಿದೆಯಲ್ಲ, ಗುಂಡು ಬಿಡಬೇಕಾದದ್ದು ಅಲ್ಲಿ. ಎದೆತುಂಬ ಗಾಳಿ ಎಳೆದು ಬಿಗಿಹಿಡಿಯುವುದಲ್ಲ. ಉಸಿರು ಕಟ್ಟಿ ಏಳೆಂಟು ಸೆಕೆಂಡು ದಾಟಿತೆಂದರೆ ಮೊದಲು ಕಣ್ಣು ಮಂಜಾಗುತ್ತದೆ, ಆಮೇಲೆ ಕೈ ನಡುಗುತ್ತದೆ. ಮಲಗಿ ಹೊಡೆಯುವಾಗ ಹಿಂದಿನ ಬ್ಯಾಗನ್ನು ಎಡಗೈಯಲ್ಲಿ ಹಿಂಡಿ ಎತ್ತರ ತಿದ್ದುವ ಅಭ್ಯಾಸವಿದ್ದರೆ, ಹಿಂಡುವ ಮುಷ್ಟಿ ಸಡಿಲಾದಂತೆ ಕ್ರಾಸ್‌ಹೇರ್ ಮೇಲಕ್ಕೆ ಜರುಗುತ್ತದೆ. ಬ್ಯಾಗ್ ತಾನೇ ಹೆಚ್ಚುಕಡಿಮೆ ಸರಿಯಾದ ಎತ್ತರಕ್ಕೆ ಬರಬೇಕು, ಮುಷ್ಟಿಯದು ಕೊನೆಯ ಕೂದಲೆಳೆಯ ಕೆಲಸ ಮಾತ್ರ.

ನಾಡಿಯಂತೆ ಮಿಡಿಯುವುದು

ಕ್ರಾಸ್‌ಹೇರ್ ಸಣ್ಣಗೆ, ಒಂದೇ ಅಂತರದಲ್ಲಿ ಟಕ್ ಟಕ್ ಎಂದು ಹಾರಿದರೆ ಅದು ನಿಮ್ಮ ಎದೆಬಡಿತ. ಕೆನ್ನೆಯನ್ನು ಸ್ಟಾಕಿಗೆ ಅದುಮಿದ್ದೀರಿ, ಅಥವಾ ಕಂಕುಳಿನ ಕೆಳಗಿನ ತೋಳು ಬ್ಯಾಗಿಗೆ ಒತ್ತಿದೆ, ಅಥವಾ ಸ್ಲಿಂಗ್ (ರೈಫಲಿನ ಪಟ್ಟಿ) ತೋಳನ್ನು ಬಿಗಿದಿದೆ. ತಲೆಯ ಭಾರವನ್ನಷ್ಟೇ ಕೆನ್ನೆಪಟ್ಟಿಯ ಮೇಲೆ ಬಿಡಿ. ಅದಕ್ಕೆ ಕೆನ್ನೆಪಟ್ಟಿಯ ಎತ್ತರ ಸರಿಯಿರಬೇಕು. ಕಣ್ಣು ಮುಚ್ಚಿ ತಲೆಯಿಟ್ಟು, ತೆರೆದಾಗ ಸ್ಕೋಪಿನ ಪೂರ್ತಿ ವೃತ್ತ ಕಾಣಬೇಕು. ಓಡಿಬಂದು ಸ್ಥಾನ ಕಟ್ಟುವ ಸ್ಟೇಜಿನಲ್ಲಿ ಮಿಡಿತ ಇದ್ದೇ ಇರುತ್ತದೆ, ಅಲ್ಲಿ ಬೇರೆ ಉಪಾಯವಿಲ್ಲ. ತಟ್ಟೆ ಮಿಡಿತಕ್ಕಿಂತ ದೊಡ್ಡದಿದ್ದರೆ ಹೊಡೆದು ಮುಂದೆ ಹೋಗಿ.

ಸಣ್ಣ, ವೇಗದ ನಡುಕ

ಇದು ಸ್ನಾಯುವಿನ ಕೂಗು. ಎಲ್ಲೋ ಒಂದು ಕಡೆ ನೀವು ರೈಫಲನ್ನು ಬಲವಂತವಾಗಿ ಹಿಡಿದಿಟ್ಟಿದ್ದೀರಿ. ಬ್ಯಾರಿಕೇಡಿನ ಹಿಂದೆ ಹೆಚ್ಚಿನವರು ಮಾಡುವುದು ಹೀಗೆ: ರೈಫಲ್ ಇಡುತ್ತಾರೆ, ಕ್ರಾಸ್‌ಹೇರ್ ತಟ್ಟೆಯ ಪಕ್ಕಕ್ಕೆ ಬಂದು ಕೂರುತ್ತದೆ, ಭುಜದಿಂದ ಒಂದು ಸಣ್ಣ ನೂಕು ಕೊಟ್ಟು ತಟ್ಟೆಗೆ ತರುತ್ತಾರೆ, ಹಾಗೇ ಹಿಡಿದುಕೊಂಡು ಟ್ರಿಗರ್ ಒತ್ತುತ್ತಾರೆ. ಹಿಡಿದುಕೊಂಡ ಸ್ನಾಯು ನಡುಗುತ್ತದೆ. ಗುಂಡು ಬಿಟ್ಟ ಗಳಿಗೆಯಲ್ಲಿ ಸಡಿಲಾಗಿ ಕ್ರಾಸ್‌ಹೇರ್ ತನ್ನ ಹಳೆಯ ಜಾಗಕ್ಕೆ ಹೋಗುತ್ತದೆ, ಗುಂಡೂ ಅತ್ತಲೇ.

ಪರೀಕ್ಷೆ ಹಳೆಯದು, ಒಲಿಂಪಿಕ್ ಮಾದರಿಯ ಶೂಟಿಂಗಿನ ಕೋಚ್‌ಗಳು ಮೊದಲ ವಾರದಲ್ಲೇ ಕಲಿಸುವಂಥದ್ದು. ಗುರಿಯಿಟ್ಟು ಕಣ್ಣು ಮುಚ್ಚಿ. ಎರಡು ಉಸಿರು. ಭುಜ, ಕತ್ತು, ದವಡೆ ಸಡಿಲ ಬಿಡಿ. ಕಣ್ಣು ತೆರೆಯಿರಿ. ಕ್ರಾಸ್‌ಹೇರ್ ಈಗ ಎಲ್ಲಿದೆಯೋ ಅದೇ ನಿಮ್ಮ ಸಹಜ ಗುರಿ. ಅದು ತಟ್ಟೆಯ ಮೇಲೆ ಇಲ್ಲವಾದರೆ ತೋಳಿನಿಂದ ತಿದ್ದಬೇಡಿ, ಮೈಯನ್ನೇ ಸರಿಸಿ. ಬ್ಯಾಗ್ ಕೀಲು ಎಂದೆನಲ್ಲ: ಕ್ರಾಸ್‌ಹೇರ್ ತಟ್ಟೆಯ ಬಲಕ್ಕೆ ಹೋಗಿದ್ದರೆ ನೀವೂ ಬಲಕ್ಕೆ ಅರ್ಧ ಹೆಜ್ಜೆ ಸರಿಯಿರಿ. ಬಟ್ ಬಲಕ್ಕೆ ಬಂದಂತೆ ಮೂತಿ ಎಡಕ್ಕೆ ತಿರುಗಿ ತಟ್ಟೆಗೆ ಬರುತ್ತದೆ. ಕ್ರಾಸ್‌ಹೇರ್ ಮೇಲಿದ್ದರೆ ಬಟ್ ಮೇಲಕ್ಕೆ ಬರಬೇಕು, ಅಂದರೆ ಪಾದಗಳನ್ನು ತುಸು ಹತ್ತಿರ ತಂದು ನೀವು ಎತ್ತರವಾಗಬೇಕು. ಮೊದಮೊದಲು ಇದು ತಲೆಕೆಳಗು ಅನ್ನಿಸುತ್ತದೆ. ಮನೆಯಲ್ಲಿ ಕುರ್ಚಿಯ ಬೆನ್ನಿನ ಮೇಲೆ ಬ್ಯಾಗ್ ಹಾಕಿ ಡ್ರೈ ಫೈರ್ ಮಾಡುತ್ತಾ ಹೋದರೆ ಕಾಲಿಗೇ ಗೊತ್ತಾಗುತ್ತದೆ.

ಪಂದ್ಯದಲ್ಲಿ ಕಣ್ಣು ಮುಚ್ಚಿ ಕೂರಲು ಹೊತ್ತಿಲ್ಲ. ಅಲ್ಲಿ ಉಪಾಯ ಬೇರೆ. ಸ್ಥಾನಕ್ಕೆ ಬರುವಾಗ ಸ್ಕೋಪಿನ ಮೇಲಿಂದ ಬರಿಗಣ್ಣಲ್ಲಿ ತಟ್ಟೆ ನೋಡಿ, ಮೂಗು, ರೈಫಲ್, ತಟ್ಟೆ ಮೂರೂ ಒಂದೇ ಗೆರೆಗೆ ಬರುವಂತೆ ನಿಂತು, ಆಮೇಲೆ ಕೆನ್ನೆ ಇಳಿಸಿ. ಬಹುಪಾಲು ಸಹಜ ಗುರಿ ಅಲ್ಲೇ ಸಿಕ್ಕಿಬಿಡುತ್ತದೆ.

ಆಸರೆ ಇದ್ದರೆ ಶೂಟಿಂಗ್ ಸುಲಭ ಎನ್ನುವವರಿಗೆ ಪ್ಯಾರಾ ಶೂಟಿಂಗಿನ ಎಸ್.ಎಚ್.2 ವಿಭಾಗ ನೋಡಲು ಹೇಳುತ್ತೇನೆ. ರೈಫಲಿನ ಭಾರ ಹೊರಲಾಗದವರಿಗೆ ಅಲ್ಲಿ ಸ್ಟ್ಯಾಂಡ್ ಇರುತ್ತದೆ, ಆದರೆ ಆ ಸ್ಟ್ಯಾಂಡಿನ ತುದಿಯಲ್ಲಿ ಸ್ಪ್ರಿಂಗ್! ಭಾರ ಹೊರುತ್ತದೆ, ಅಲ್ಲಾಟ ತಡೆಯುವುದಿಲ್ಲ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಕರ್ನಾಟಕದ ಶ್ರೀಹರ್ಷ ದೇವರಡ್ಡಿ ಸ್ಪರ್ಧಿಸಿದ್ದು ಇದೇ ವಿಭಾಗದಲ್ಲಿ. ಸ್ಪ್ರಿಂಗಿನ ಮೇಲೆ ರೈಫಲ್ ನಿಲ್ಲಿಸುವವರಿಗೆ ಸಹಜ ಗುರಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಿಂತಿರುತ್ತದೆ, ಟ್ರಿಗರ್ ಒತ್ತಿದಾಗ ಜಿಗಿಯುತ್ತದೆ

ಡ್ರೈ ಫೈರಿನಲ್ಲೂ ಜಿಗಿದರೆ ಬೆರಳಿನ ದೋಷ. ಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತೆಯಿಂದ, ನೇರ ಹಿಂದಕ್ಕೆ. ಹೆಬ್ಬೆರಳಿನಿಂದ ಗ್ರಿಪ್ ಹಿಂಡುವವರು ಹೆಬ್ಬೆರಳನ್ನು ಎತ್ತಿ ಟ್ಯಾಂಗಿನ (ಗ್ರಿಪ್ಪಿನ ಹಿಂದಿನ ಮೇಲ್ಭಾಗ) ಮೇಲೋ ಬಲಬದಿಗೋ ಬಿಟ್ಟು ನೋಡಿ. ಡ್ರೈ ಫೈರಿನಲ್ಲಿ ಚೆನ್ನಾಗಿದ್ದು ನಿಜವಾದ ಗುಂಡಿಗೆ ಜಿಗಿದರೆ ಅದು ಒದೆತಕ್ಕೆ ಹೆದರುವ ಮೈ. ಗೆಳೆಯರೊಬ್ಬರಿಂದ ಮ್ಯಾಗಜೀನಿಗೆ ನಿಮಗೆ ತಿಳಿಯದಂತೆ ಒಂದೆರಡು ಡಮ್ಮಿ ಗುಂಡು ಸೇರಿಸಿ ಹಾಕಿಸಿಕೊಳ್ಳಿ. ಡಮ್ಮಿಯ ಮೇಲೆ ಕ್ರಾಸ್‌ಹೇರ್ ಮೂಗು ಮುಗ್ಗರಿಸಿದರೆ ರೋಗ ಪತ್ತೆಯಾಯಿತು.

.22ರವರು ಇನ್ನೊಂದು ಗಮನಿಸಬೇಕು. ಗುಂಡಿನ ವೇಗ ಸೆಕೆಂಡಿಗೆ ಸುಮಾರು 320 ಮೀಟರ್ ಮಾತ್ರ, 6 ಮಿ.ಮೀ.ಯವರದು 850ಕ್ಕೂ ಮೇಲೆ. ಟ್ರಿಗರ್ ಒತ್ತಿದ ಮೇಲೂ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಒದೆತ ಇಲ್ಲ ಎಂದು ಬೇಗ ತಲೆಯೆತ್ತುವವರಿಗೆ ಇಲ್ಲಿ ದಂಡ ಬೀಳುತ್ತದೆ.

ಒದೆತದ ನಂತರ ತಟ್ಟೆಯೇ ಕಾಣುವುದಿಲ್ಲ

ಗುಂಡು ಎಲ್ಲಿ ಬಿತ್ತು ಎಂದು ಕಾಣದಿದ್ದರೆ ಮುಂದಿನ ಗುಂಡಿಗೆ ಗಾಳಿ ತಿದ್ದುವುದು ಕುರುಡು ಲೆಕ್ಕ. ರೈಫಲ್ ಪ್ರತಿ ಸಲ ಒಂದೇ ಬದಿಗೆ ಹಾರಿದರೆ ಒದೆತದ ಗೆರೆಯ ಹಿಂದೆ ನಿಮ್ಮ ಮೈ ಇಲ್ಲ. ಎದೆಯನ್ನು ನೇರಮಾಡಿ, ಬಟ್ಟನ್ನು ಕತ್ತಿನ ಮೂಳೆಯ ಕಡೆಗೆ ಒಳಕ್ಕೆ ತನ್ನಿ. ನೇರ ಮೇಲಕ್ಕೆ ಹಾರಿದರೆ ಬಟ್ ಭುಜದಲ್ಲಿ ತೀರಾ ಕೆಳಗಿದೆ, ಅಥವಾ ಗಟ್ಟಿ ಹಲಗೆಯ ಮೇಲೆ ಬೈಪಾಡಿನ ಕಾಲು ಪುಟಿಯುತ್ತಿದೆ. ಅಲ್ಲಿ ಬೈಪಾಡ್ ಮಡಚಿ ಬ್ಯಾಗ್ ಹಾಕುವುದು ಮೇಲು.

ಎಷ್ಟು ಗಟ್ಟಿ ಹಿಡಿಯಬೇಕು ಎಂಬುದಕ್ಕೆ ಎರಡು ಪಂಥಗಳಿವೆ. ಹತ್ತು ಕಿಲೋದ 6 ಮಿ.ಮೀ. ರೈಫಲನ್ನು ಬರೀ ಮುಟ್ಟಿದಂತೆ ಹಿಡಿದು ತಾನಾಗಿ ಹಿಂದೆ ಜಾರಲು ಬಿಡುವವರು ಒಂದು ಕಡೆ. ಹಗುರವಾದ .308 ಕ್ಯಾಲಿಬರ್ ರೈಫಲನ್ನು ಭುಜಕ್ಕೆ ಗಟ್ಟಿಯಾಗಿ ಎಳೆದುಕೊಳ್ಳುವವರು ಇನ್ನೊಂದು ಕಡೆ. ರೈಫಲಿನ ತೂಕ, ಒದೆತ ನೋಡಿ ಆರಿಸಿಕೊಳ್ಳಿ, ಆದರೆ ಒಂದೇ ಸ್ಟೇಜಿನಲ್ಲಿ ಎರಡನ್ನೂ ಬೆರೆಸಿದರೆ ಗುಂಡು ಎರಡು ಗುಂಪಾಗಿ ಬೀಳುತ್ತದೆ.

ಕ್ರಾಸ್‌ಹೇರ್ ಕದಲಲಿಲ್ಲ, ಗುಂಡು ಬೇರೆಡೆ

ಇದನ್ನು ಅಲ್ಲಾಟದ ಲೆಕ್ಕಕ್ಕೆ ಹಾಕಿ ದಾರಿ ತಪ್ಪುವವರು ಬಹಳ. ಮೊದಲ ಶಂಕಿತ ರೈಫಲಿನ ವಾಲಿಕೆ. ಇಳಿಜಾರು ಆಸರೆಯ ಮೇಲೆ ರೈಫಲ್ ಗೊತ್ತಿಲ್ಲದೆ ಪಕ್ಕಕ್ಕೆ ವಾಲುತ್ತದೆ, ಕಣ್ಣು ಅದನ್ನೇ ನೇರ ಎಂದು ನಂಬುತ್ತದೆ. ದೂರದ ತಟ್ಟೆಗೆ 8 ಮಿಲ್ ಏರಿಸಿ ಹೊಡೆಯುವಾಗ ಬರೀ 3 ಡಿಗ್ರಿ ವಾಲಿದರೆ ಗುಂಡು ವಾಲಿದ ಬದಿಗೆ ಸುಮಾರು 0.4 ಮಿಲ್ ಹೋಗುತ್ತದೆ. 900 ಮೀಟರಿನಲ್ಲಿ ಅದು ಒಂದು ಅಡಿಗಿಂತ ಹೆಚ್ಚು. ಜನ ಅದನ್ನು ಗಾಳಿಯ ತಪ್ಪೆಂದು ಬರೆದುಕೊಂಡು ಗಾಳಿಯ ಲೆಕ್ಕವನ್ನೂ ಕೆಡಿಸಿಕೊಳ್ಳುತ್ತಾರೆ. ಸ್ಕೋಪಿನ ಪಕ್ಕದ ನೀರ್ಗುಳ್ಳೆ ಮಟ್ಟ ಅಲಂಕಾರಕ್ಕಲ್ಲ, ಪ್ರತಿ ಸ್ಥಾನದಲ್ಲೂ ಒಮ್ಮೆ ನೋಡಿ.

ಎರಡನೆಯದು ನಳಿಗೆಗೆ ಏನೋ ತಾಗುವುದು. ಬ್ಯಾಗಿನ ಕಿವಿ, ಬ್ಯಾರಿಕೇಡಿನ ಅಂಚು, ಸ್ಲಿಂಗಿನ ಪಟ್ಟಿ. ಭಾರ ಬಿದ್ದಾಗ ಪ್ಲಾಸ್ಟಿಕ್ ಸ್ಟಾಕೇ ಬಾಗಿ ನಳಿಗೆಗೆ ತಾಗುವುದೂ ಉಂಟು. ರೈಫಲನ್ನು ಬ್ಯಾಗಿನ ಮೇಲೆ ಒತ್ತಿ ಹಿಡಿದು, ನಳಿಗೆ ಮತ್ತು ಸ್ಟಾಕಿನ ನಡುವೆ ಒಂದು ಕಾಗದದ ಪಟ್ಟಿ ಎಳೆದು ನೋಡಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಮೂರನೆಯದು ಪ್ಯಾರಲಾಕ್ಸ್: ರೈಫಲ್ ಅಲುಗಿಸದೆ ತಲೆಯನ್ನು ಮಾತ್ರ ಆಚೀಚೆ ಮಾಡಿದಾಗ ಕ್ರಾಸ್‌ಹೇರ್ ತಟ್ಟೆಯ ಮೇಲೆ ಜಾರಿದರೆ ಪಕ್ಕದ ಗುಬ್ಬಿ ತಿರುಗಿಸಿ ಸರಿಮಾಡಿಕೊಳ್ಳಿ. ಇನ್ನು ಟೆಕ್ಸಸ್‌ನ ಬೇಸಿಗೆಯ ಮಧ್ಯಾಹ್ನದಲ್ಲಿ ತಟ್ಟೆ ನೀರಿನೊಳಗಿದ್ದಂತೆ ನಡುಗುವುದು ಬಿಸಿಗಾಳಿಯ ಮರೀಚಿಕೆ. ಅದರಲ್ಲಿ ಕ್ರಾಸ್‌ಹೇರ್ ಚೂಪಾಗಿ ನಿಂತಿರುತ್ತದೆ, ಹಿಂದಿನ ಚಿತ್ರ ಮಾತ್ರ ಅಲೆಯುತ್ತದೆ. ಸ್ಥಾನ ಬದಲಿಸಿ ಪ್ರಯೋಜನವಿಲ್ಲ, ಝೂಮ್ ಇಳಿಸಿ.

ಗಡಿಯಾರ ಓಡುತ್ತಿರುವಾಗ

90 ಸೆಕೆಂಡು, ನಾಲ್ಕು ಸ್ಥಾನ, ಸ್ಥಾನಕ್ಕೆ ಎರಡು ಗುಂಡು ಎಂದಿಟ್ಟುಕೊಳ್ಳಿ. ಒಂದು ಸ್ಥಾನಕ್ಕೆ 22 ಸೆಕೆಂಡು ಚಿಲ್ಲರೆ. ಸರಿದು ಕೂರುವುದಕ್ಕೆ ಹತ್ತು ಹನ್ನೆರಡು ಹೋದರೆ ಎರಡು ಗುಂಡಿಗೆ ಉಳಿಯುವುದು ಹತ್ತು. ಮೇಲಿನ ಪಟ್ಟಿಯನ್ನೆಲ್ಲ ಅಲ್ಲಿ ಓಡಿಸಲು ಆಗುವುದಿಲ್ಲ. ಸ್ಟೇಜಿನಲ್ಲಿ ನೋಡಬೇಕಾದದ್ದು ಎರಡೇ, ಬ್ಯಾಗ್ ತೂಕದ ಮಧ್ಯದಲ್ಲಿದೆಯೇ, ಎದೆ ನೇರವಾಗಿದೆಯೇ. ಉಳಿದದ್ದೆಲ್ಲ ಮನೆಯ ಡ್ರೈ ಫೈರಿನಲ್ಲಿ ಮುಗಿದಿರಬೇಕು.

ಸ್ಥಾನ ಬದಲಿಸುವಾಗ ಬೋಲ್ಟ್ ತೆರೆದೇ ಇರಲಿ, ಮೂತಿ ತಟ್ಟೆಗಳ ಕಡೆಯೇ ಇರಲಿ. ಎಷ್ಟೇ ಅವಸರವಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ, ತಪ್ಪಿದರೆ ಮನೆಗೆ ಕಳಿಸುತ್ತಾರೆ. ಕೊನೆಯ ಸ್ಥಾನದಲ್ಲಿ ಹತ್ತು ಸೆಕೆಂಡೊಳಗೆ ಎರಡು ಗುಂಡು ಉಳಿದು ಕ್ರಾಸ್‌ಹೇರ್ ತಟ್ಟೆಯ ಅಂಚಿನಿಂದ ಅಂಚಿಗೆ ತೂಗುತ್ತಿದ್ದರೆ ಹೊಸದಾಗಿ ಸ್ಥಾನ ಕಟ್ಟಲು ಹೋಗಬೇಡಿ. ತೂಗಾಟದ ನಡುಬಿಂದು ತಟ್ಟೆಯ ನಡುವಿಗೆ ಬರುವಂತೆ ಇಟ್ಟುಕೊಂಡು, ಅದು ದಾಟುವಾಗ ಕಿತ್ತುಕೊಳ್ಳದೆ, ಟ್ರಿಗರನ್ನು ಒಂದೇ ಸಮನೆ ಒತ್ತುತ್ತಾ ಬನ್ನಿ. ಸ್ಟೇಜ್ ಮುಗಿದು ರೈಫಲ್ ಖಾಲಿ ಎಂದು ತೋರಿಸಿ ಕೆಳಗಿಟ್ಟ ಮೇಲೆ, ಸ್ಕೋರಿನ ಪಕ್ಕದಲ್ಲಿ ಅವತ್ತಿನ ಅಲ್ಲಾಟದ ದಿಕ್ಕನ್ನೂ ಬರೆದುಕೊಳ್ಳಿ: ಎಡಬಲ, ಮೇಲೆಕೆಳಗೆ, ಮಿಡಿತ, ನಡುಕ, ಜಿಗಿತ. ಮುಂದಿನ ವಾರದ ಅಭ್ಯಾಸ ಯಾವುದರಿಂದ ಶುರುವಾಗಬೇಕು ಎಂಬುದಕ್ಕೆ ಅಷ್ಟು ಸಾಕು.